ಕ್ಯಾಮೆರಾಕ್ಕೆ ಬೆನ್ನು ತೋರಿಸಬಾರದು

ನಮ್ಮ ರಂಗವಿಭಾಗದ ಮುಖ್ಯಸ್ಥರಾಗಿದ್ದ ಸರ್ ತೀರಿಕೊಂಡರು ಎಂಬ ಸುದ್ದಿ ಬಂದಾಗ ನಾನು ಶಾಲೆಯಲ್ಲಿ ಎಂಟನೆಯ ತರಗತಿಗೆ ಸಮಾಸ ಹೇಳಿಕೊಡುತ್ತಿದ್ದೆ. ಪಾಠ ನಿಲ್ಲಿಸಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕುಳಿತು ಫೋನು ನೋಡಿದರೆ ಹಳೆಯ ಸಹಪಾಠಿಗಳ ಗುಂಪಿನ ತುಂಬ ಮುಗಿದ ಕೈಗಳು. ಒಬ್ಬ 'ರಂಗಭೂಮಿಯ ಋಷಿ' ಎಂದು ಬರೆದಿದ್ದ. ಎಲ್ಲರೆದುರು ಅವರ ಬಾಯಲ್ಲಿ ಕತ್ತೆ ಅನ್ನಿಸಿಕೊಂಡು ಪಾಯಖಾನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತವನು 'ತಂದೆಯಂತಿದ್ದರು' ಎಂದಿದ್ದ. ಸಂಜೆ ಅವ್ವನಿಗೆ ಓದಿ ಹೇಳಿದೆ. "ಸತ್ತ ಎಮ್ಮಿ ಹತ್ತು ಸೇರು ಹಾಲು ಹಿಂಡತಿತ್ತಂತ" ಎಂದು ರೊಟ್ಟಿ ತಿರುವಿ ಹಾಕಿದಳು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡಲು ಧೈರ್ಯ ಇರಲಿಲ್ಲ, ಸತ್ತ ಮೇಲೆ ಆಡಲು ಸಂಕೋಚ ಅಂದರೆ ಇಂಥವರ ಬಗ್ಗೆ ಮಾತಾಡುವುದು ಯಾವಾಗ? ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಮರ್ಯಾದೆಗೆ ಅಂದುಕೊಳ್ಳಬೇಡಿ. ಅವರು ಎರಡು ವರ್ಷ ನನ್ನ ಹೆಸರು ಕರೆಯಲಿಲ್ಲ, ನಾನೂ ಅವರದ್ದನ್ನು ಕರೆಯುವುದಿಲ್ಲ. ಲೆಕ್ಕ ಸರಿಹೋಯಿತು.

ಅವರಿಗೆ ನಾವೆಲ್ಲ ಊರುಗಳು. "ಏ ಬಂಕಾಪುರ, ಲೈಟ್ ಸರಸು." "ಏ ಸವಣೂರ, ಬಾಯಿ ಮುಚ್ಚು." ನಾನು ಹಿರೇಬೆಂಡಿಗೇರಿ. ಒಮ್ಮೆ ಧೈರ್ಯ ಮಾಡಿ, "ಸರ್, ನನ್ನ ಹೆಸರು ರೇಣುಕಾ ಅಂತರಿ" ಅಂದೆ. ಅವರು ಏಲಕ್ಕಿ ಬಾಯಿಗೆ ಹಾಕಿಕೊಂಡು, "ಊರು ಉಳೀತಾವ, ಮಂದಿ ಉಳಿಯೂದಿಲ್ಲ. ಮಂದಿ ಹೆಸರು ಇಟಗೊಂಡು ನಾ ಏನ್ ಮಾಡ್ಲಿ?" ಅಂದರು. ಸುತ್ತ ಇದ್ದವರು ಅದನ್ನು ದೊಡ್ಡ ತತ್ವ ಅಂದುಕೊಂಡು ತಲೆದೂಗಿದರು. ನಾನೂ ತೂಗಿದೆ.

ಮಧ್ಯಾಹ್ನದ ಹೊತ್ತಿಗೆ ಅವರು ಫೋನು ಹಚ್ಚಿ, "ಏ ಹಾನಗಲ್ಲ, ಡಬ್ಬಿ ಇನ್ನೂ ಯಾಕ ಬರಲಿಲ್ಲ?" ಎಂದು ಗದರುವುದು ದಿನದ ಮಾತು. ನಮ್ಮಲ್ಲಿ ಹಾನಗಲ್ಲಿನವರು ಯಾರೂ ಇರಲಿಲ್ಲ. ಯಾರೋ ಹಳೆಯ ವಿದ್ಯಾರ್ಥಿ ಖಾನಾವಳಿ ನಡೆಸುತ್ತಿರಬೇಕು, ಪಾಪ, ಗುರುಗಳಿಗೆ ಊಟ ಕಳಿಸುತ್ತಾನೆ ಎಂದುಕೊಂಡಿದ್ದೆವು. ಆ ಸ್ಟೀಲಿನ ಡಬ್ಬಿಯ ಅನ್ನವನ್ನು ಅವರು ಒಬ್ಬರೇ ಮೂಲೆಯಲ್ಲಿ ಕುಳಿತು ಉಣ್ಣುತ್ತಿದ್ದರು. ಯಾರಿಗೂ "ಬರ್ರಿ ಉಣ್ಣೋಣು" ಅಂದವರಲ್ಲ. ನಮ್ಮ ಕಡೆ ದಾರಿಹೋಕನಿಗೂ ಅನ್ನುವ ಮಾತು ಅದು.

ಎತ್ತರದ ಆಳು, ಸಣಕಲು ಮೈ. ಬೇಸಿಗೆಯಲ್ಲೂ ಕೊರಳಲ್ಲಿ ಒಂದು ಕಂದು ಶಾಲು. ಹಿರೇಕೆರೂರು ಕಡೆಯ ಹಳ್ಳಿಯವರು, ಆದರೆ ಮೈಕಿನ ಮುಂದೆ ನಿಂತರೆ ಗ್ರಂಥದ ಭಾಷೆ. ಸಿಟ್ಟು ಬಂದಾಗ ಮಾತ್ರ ಹಳ್ಳಿ ಹೊರಗೆ ಬೀಳುತ್ತಿತ್ತು. ದಿನಕ್ಕೆ ಹಲವು ಸಲ ಬೀಳುತ್ತಿತ್ತು.

ಒಂದು ಮಾತು ಒಪ್ಪುತ್ತೇನೆ. ಅವರು ನಾಟಕ ಓದಿದರೆ ಕೇಳಬೇಕು. ಕೊರೋನಾ ಬಂದು ರಂಗಮಂದಿರಕ್ಕೆ ಬೀಗ ಬಿದ್ದಿದ್ದ ಕಾಲದಲ್ಲಿ ನಮ್ಮನ್ನೆಲ್ಲ ಬೇವಿನ ಗಿಡದ ಕೆಳಗೆ ದೂರ ದೂರ ಕೂಡಿಸಿ ಹೊಸ ನಾಟಕವೊಂದನ್ನು ಓದಿ ಹೇಳಿದರು. ಮುತ್ತಿಗೆ ಬಿದ್ದ ಕೋಟೆಯೊಂದರ ಬಾಗಿಲು ಕಾಯುವ ಹೆಂಗಸಿನ ಕಥೆ. ಹೊರಗೆ ಉಳಿದ ಸ್ವಂತ ಮಗ ಬಂದು ಬಾಗಿಲು ಬಡಿಯುತ್ತಾನೆ, ಅವಳು ತೆಗೆಯುವುದಿಲ್ಲ. ಅವಳ ಮಾತನ್ನು ಅವರು ಎಷ್ಟು ಮೆಲ್ಲಗೆ ಓದಿದರೆಂದರೆ ಓದಿ ಮುಗಿದ ಮೇಲೂ ಯಾರೂ ಏಳಲಿಲ್ಲ. ಅಂಥ ಕಿವಿ ಇದ್ದ ಮನುಷ್ಯ ಮುಂದೆ ಮಾಡಿದ್ದನ್ನು ಕ್ಷಮಿಸಲು ಅದಕ್ಕೇ ನನ್ನಿಂದ ಆಗುವುದಿಲ್ಲ. ತಿಳಿಗೇಡಿಯಾಗಿದ್ದರೆ ಕ್ಷಮಿಸಬಹುದಿತ್ತು.

ಆ ವರ್ಷದ ರಂಗಋತುವನ್ನು ಬಯಲಿಗೆ ತರುವುದು ಎಂದು ತೀರ್ಮಾನವಾಯಿತು. ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರು ತಾಲೂಕುಗಳಲ್ಲಿ ಒಂದೊಂದು ಪ್ರದರ್ಶನ, ಹಗಲ ಬೆಳಕಿನಲ್ಲಿ. ಜೊತೆಗೆ ಮನೆಯಲ್ಲಿ ಕುಳಿತವರಿಗೆ ಫೋನಿನಲ್ಲಿ ಲೈವ್. ಕೇಳಿ ಕುಣಿದಾಡಿದೆವು. ಬಾಗಿಲು ಕಾಯುವವಳ ಪಾತ್ರ ನನಗೆ ಬಂದಿತ್ತು.

ಆಮೇಲೆ ಕ್ಯಾಮೆರಾ ಬಂತು. ನಮ್ಮ ಪೋಷಾಕು ಹಳೆಯ ಪರದೆ ಹರಿದು ಹೊಲಿದದ್ದು, ಕ್ಯಾಮೆರಾ ಮಾತ್ರ ಹೊಚ್ಚಹೊಸದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅದು ಬಂದ ದಿನದಿಂದ ಸರ್ ನಮ್ಮ ಮುಖ ನೋಡುವುದು ಬಿಟ್ಟರು. ಹತ್ತು ಹೆಜ್ಜೆ ದೂರದಲ್ಲಿ ನಾನು ಎದೆ ಬಿರಿಯುವಂತೆ ಅಳುತ್ತಿದ್ದರೆ ಅವರು ತಲೆ ತಗ್ಗಿಸಿ ಅಂಗೈಯಗಲದ ಪರದೆಯಲ್ಲಿ ನನ್ನನ್ನು ನೋಡುತ್ತಿದ್ದರು. 'ಕ್ಯಾಮೆರಾಕ್ಕೆ ಬೆನ್ನು ತೋರಿಸಬಾರದು' ಎಂಬುದು ಅವರ ಮೊದಲ ನಿಯಮವಾಯಿತು. ಎರಡನೆಯದು, 'ಫ್ರೇಮು ಬಿಟ್ಟು ಕದಲಬಾರದು.' ಮೂರನೆಯದು ಇರಲಿಲ್ಲ. ನಾಟಕದಲ್ಲಿ ಹೇಳಿಕೊಡಲು ಇನ್ನೇನೂ ಉಳಿದಿಲ್ಲ ಎಂಬಂತಿದ್ದರು.

ಹಾನಗಲ್ಲಿನಲ್ಲಿ ಮೊದಲ ಪ್ರದರ್ಶನ. ಕ್ಯಾಮೆರಾ ಒಂದು ಕಡೆ, ಅದರ ಅಕ್ಕಪಕ್ಕ ಗಣ್ಯರ ಕುರ್ಚಿ. ಆ ಕಡೆ ಬಿಸಿಲು ಸರಿ ಇದೆಯಂತೆ. ಊರ ಮಂದಿಗೆ ಉಳಿದದ್ದು ನಮ್ಮ ಹಿಂಬದಿ, ಹಗ್ಗದಾಚೆ. ಪಾಪ, ಮಕ್ಕಳುಮರಿ ಕಟ್ಟಿಕೊಂಡು ಬಂದವರು ಇಡೀ ನಾಟಕ ಮುಖ ಕಾಣದೆ ನಮ್ಮ ಬೆನ್ನು ನೋಡಿದರು. ಮುಗಿದ ಮೇಲೆ ಒಬ್ಬಾಕೆ ಮುದುಕಿ ನನ್ನ ಕೈ ಹಿಡಿದು ಕೇಳಿದಳು:

"ನಾಟಕ ಛಲೋ ಐತಿ ಖರೆ. ಮಾರಿ ಯಾವಾಗ ತೋರಸ್ತೀರಿ?"

ನಾನು ನಗುತ್ತ ಹೋಗಿ ಸರ್‌ಗೆ ಹೇಳಿದೆ. ಅವರು ನಗಲಿಲ್ಲ. ಫೋನಿನಲ್ಲಿ ಬಂದ 'ಸೂಪರ್ ಸರ್', 'ವಾವ್ ಸರ್'ಗಳನ್ನು ಓದುತ್ತಿದ್ದರು. "ನೋಡೋರು ಎಲ್ಲೆಲ್ಲಿಂದ ನೋಡ್ಯಾರ ನೋಡು" ಅಂದರು. ಅವರ ಲೆಕ್ಕದಲ್ಲಿ ನೋಡುವವರು ಅಂದರೆ ಫೋನಿನಲ್ಲಿದ್ದವರು. ಧೂಳಿನಲ್ಲಿ ಕುಳಿತವರು ಬರೀ ಗದ್ದಲ.

ಸವಣೂರಿನಲ್ಲಿ ದೊಡ್ಡ ಹುಣಸೆಮರಗಳ ಹತ್ತಿರ ಆಡುವಾಗ ಮಳೆ ಬಂತು. ಇದ್ದ ಛತ್ರಿಗಳೆಲ್ಲ ಕ್ಯಾಮೆರಾದ ಮೇಲೆ ಹೋದವು. ಮಗನ ಪಾತ್ರದ ಹುಡುಗನಿಗೆ ಜ್ವರವಿತ್ತು, ತೊಯ್ದು ನಡುಗುತ್ತಿದ್ದ. ಲೈವಿನಲ್ಲಿ ಯಾರೋ 'ನಡುಕದ ಅಭಿನಯ ಅದ್ಭುತ' ಎಂದು ಬರೆದರು. ಸರ್ ಅದನ್ನು ಅವನಿಗೆ ಮೂರು ಸಲ ಓದಿ ಹೇಳಿದರು. ಔಷಧಿ ತರಿಸಿದ್ದು ಪಕ್ಕದ ಅಂಗಡಿಯ ಖಾರದ ತಿಂಡಿ ಮಾರುವ ಸಾಹೇಬರು.

ಮೂರನೆಯದು ಶಿಗ್ಗಾವಿ ತಾಲೂಕಿನದು, ಬಂಕಾಪುರದ ಕೋಟೆಯ ಬಯಲಿನಲ್ಲಿ. ತಾಲೀಮಿಗೆ ಹೋದ ದಿನ ನವಿಲು ಕೂಗಿತು. ನನ್ನ ಮಾತಿಗೆ ಸರಿಯಾಗಿ ಕೂಗಿತ್ತು, ಆ ಕೋಟೆಗೇ ಬಾಯಿ ಬಂದಂತೆ. ಸರ್ ಸಿಡಿದರು. "ಏ ಬಂಕಾಪುರ, ಅದನ್ನ ಮ್ಯೂಟ್ ಮಾಡು!"

ಬಂಕಾಪುರ ನಮ್ಮ ಸಹಪಾಠಿ, ಧ್ವನಿ ನೋಡಿಕೊಳ್ಳುತ್ತಿದ್ದವನು. ಸರ್ ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಹುಡುಗ. ಅಂದು ಅವನಿಗೂ ತಡೆಯಲಾಗಲಿಲ್ಲ. "ಸರ್, ನವಿಲಿಗೆ ಬಟನ್ ಎಲ್ಲೈತ್ರಿ?" ಅಂದ. ನಾವು ನಕ್ಕಿದ್ದಕ್ಕೆ ಅಂದು ಯಾರಿಗೂ ಚಹಾ ಇಲ್ಲ.

ಈ ಬಂಕಾಪುರ ಕೋಟೆಯ ಪ್ರದರ್ಶನಕ್ಕೆ ನಮ್ಮಪ್ಪ ಬರುವವನಿದ್ದ.

ಅಪ್ಪ ರೈತ. ಹರೆಯದಲ್ಲಿ ನಮ್ಮೂರ ದೊಡ್ಡಾಟದಲ್ಲಿ ವೇಷ ಕಟ್ಟಿದವನು. ಆಟದ ಹುಚ್ಚು ಅವನಿಂದಲೇ ನನಗೆ ಬಂದದ್ದು, ಆದರೆ ಮಗಳು ವೇಷ ಹಾಕುತ್ತಾಳೆ ಅಂದಾಗ ಮಾತು ಬೇರೆ ಕಡೆ ತಿರುಗಿಸಿದ್ದ. ಓದು ಮುಗಿದ ಮೇಲೆ ಒಂದು ನಾಟಕ ತಂಡ ಸೇರಬೇಕೆಂದು ನಾನು ಆಸೆಪಟ್ಟಿದ್ದೆ. ತಂಡದವರು ಕರೆದೂ ಇದ್ದರು. ಅಪ್ಪ ಹೂಂ ಅನ್ನಬೇಕಿತ್ತು, ಅಷ್ಟೇ. "ಒಂದು ಆಟ ನೋಡ್ತೇನಿ. ಆಮ್ಯಾಲ ಹೇಳ್ತೇನಿ" ಅಂದಿದ್ದ. ಹೊರಡುವ ಮೊದಲು ಅವ್ವನ ಕಡೆಯಿಂದ ಒಂದು ಹಸಿರು ಇಳಕಲ್ ಸೀರೆ ತೆಗೆಸಿ ಚೀಲದಲ್ಲಿ ಇಟ್ಟುಕೊಂಡ ಎಂದು ತಿಳಿದಾಗ ನನಗೆ ಉತ್ತರ ಗೊತ್ತಾಗಿಹೋಯಿತು. ಅಪ್ಪ ಆಯೇರಿ ಹಾಕಲಿದ್ದ.

ನಮ್ಮ ಕಡೆಯ ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಾತ್ರಧಾರಿ ಮನಸ್ಸಿಗೆ ಹಿಡಿಸಿದರೆ ನೋಡುವವರು ಆಟದ ನಡುವೆಯೇ ರಂಗದ ಮೇಲೆ ಬಂದು ಬಟ್ಟೆಯನ್ನೋ ಟವೆಲ್ಲನ್ನೋ ಹೊದಿಸುತ್ತಾರೆ. ಅದೇ ಆಯೇರಿ. ಆಟ ನಿಲ್ಲುತ್ತದೆ. ಮೈಕಿನವರು ಕೂಗುತ್ತಾರೆ, "ಇಂಥ ಊರಿನ ಇಂಥವರಿಂದ ಇಂಥ ಪಾತ್ರಕ್ಕ ಆಯೇರಿ ಬಂದೈತಿ, ಅವರ ಮನಿತನ ತಣ್ಣಗಿರಲಿ!" ಮಂದಿ ಚಪ್ಪಾಳೆ ತಟ್ಟುತ್ತಾರೆ, ಆಟ ಮುಂದುವರಿಯುತ್ತದೆ. ಹೆಸರು ಕೂಗದಿದ್ದರೆ ಆಯೇರಿ ಆದಂತಲ್ಲ. ತಂದದ್ದನ್ನು ಮನೆಗೆ ತಿರುಗಿ ಒಯ್ಯುವಂತೆಯೂ ಇಲ್ಲ. ಅಪ್ಪ ತನ್ನ ಹೆಸರನ್ನೂ ನನ್ನ ಪಾತ್ರವನ್ನೂ ಊರ ಮಂದಿಯ ಮುಂದೆ ಒಂದೇ ಉಸಿರಿನಲ್ಲಿ ಕೂಗಿಸಲು ಬರುತ್ತಿದ್ದ. ಅವನ ಹೂಂ ಅದು.

ನಾನು ಮೊದಲೇ ಹೋಗಿ ಸರ್‌ಗೆ ಹೇಳಿದೆ. "ಸರ್, ನಮ್ಮಪ್ಪ ಬರಾಕತ್ತಾರ್ರಿ. ಮಗನ ಹಾಡು ಮುಗಿದ ಮ್ಯಾಲ ಆಯೇರಿ ಹಾಕ್ತಾರ್ರಿ. ಒಂದೀಟು ನಿಲ್ಲಸಿ ಹೆಸರು ಕೂಗಸ್ರಿ."

"ಆತು, ಆತು" ಅಂದರು, ಪರದೆಯಿಂದ ಕಣ್ಣು ತೆಗೆಯದೆ.

ಆತು ಅಂದರೆ ಆತು ಎಂದೇ ತಿಳಿದೆ. ನಮ್ಮೂರಲ್ಲಿ ಹಾಗೆಯೇ ತಿಳಿಯುತ್ತಾರೆ.

ಅಂದು ಮಧ್ಯಾಹ್ನ ಬಿಸಿಲು ಇಳಿಯುತ್ತಿತ್ತು. ಊರಿನಿಂದ ಟ್ರ್ಯಾಕ್ಟರಿನಲ್ಲಿ ಬಂದ ಮಂದಿ ಹಗ್ಗದಾಚೆ ಕುಳಿತಿದ್ದರು. ಅಪ್ಪ ಬಿಳಿ ಅಂಗಿ ತೊಟ್ಟು ತಲೆಗೆ ಪಟಗ ಸುತ್ತಿಕೊಂಡಿದ್ದ. ಹಾಡು ಮುಗಿಯಿತು. ಅಪ್ಪ ಎದ್ದ, ಚಪ್ಪಲಿ ಕಳಚಿಟ್ಟ, ಹಗ್ಗ ಎತ್ತಿ ಒಳಗೆ ಬಂದ. ರಂಗದ ಅಂಚಿಗೆ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಎರಡೂ ಕೈಯಲ್ಲಿ ಸೀರೆ. ನಾನು ತಲೆ ಬಾಗಿಸಿ ನಿಂತೆ.

ಸ್ಪೀಕರಿನಲ್ಲಿ ಸರ್ ಧ್ವನಿ ಬಂತು, ಇಡೀ ಕೋಟೆಗೆ ಕೇಳುವಂತೆ. "ಏ ಯಾಂವ ಅಂವಾ? ಫ್ರೇಮಿನಾಗ ಯಾಕ ಬಂದ? ಬಂಕಾಪುರ, ಹೊರಗ ಹಾಕು ಅವನ್ನ!"

ಬಂಕಾಪುರ ಓಡಿ ಬಂದು ಅಪ್ಪನ ರಟ್ಟೆ ಹಿಡಿದ. ಅಪ್ಪ, "ಆಯೇರಿ ಐತೆಪಾ, ಮಗಳಿಗೆ" ಅಂದ. "ಲೈವ್ ಐತ್ರೀ ಯಜಮಾನ್ರ" ಎಂದು ಇವನು. ಅಪ್ಪನಿಗೆ ಲೈವ್ ಅಂದರೇನೆಂದು ಏನು ಗೊತ್ತು? ಏನೋ ಅಪರಾಧವಾಯಿತು ಎಂಬಂತೆ ಸೀರೆಯನ್ನು ಎದೆಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದ. ನಾನು ಪಾತ್ರ ಬಿಟ್ಟು ಹಗ್ಗದವರೆಗೆ ಓಡಿದೆ. ಅಷ್ಟರಲ್ಲಿ ಅವನು ಗುಂಪಿನಾಚೆ ಹೋಗಿದ್ದ, ಚಪ್ಪಲಿ ಕೂಡ ಹಾಕಿಕೊಳ್ಳದೆ. ಹಿಂದಿನಿಂದ ಸ್ಪೀಕರು, "ಹಿರೇಬೆಂಡಿಗೇರಿ, ಬೆನ್ನು ಬರಾಕತ್ತೈತಿ. ಫ್ರೇಮಿಗೆ ಬಾ."

ಹೋದೆ. ನಾಟಕ ಮುಗಿಸಿದೆ. ಆ ಕೊನೆಯ ಅಳು ಎಲ್ಲಕ್ಕಿಂತ ಚೆನ್ನಾಗಿ ಬಂತು ಎಂದು ಸರ್ ಬೆನ್ನು ತಟ್ಟಿದರು. ನಾನು ಮೊದಲೇ ಹೇಳಿದ್ದೆನಲ್ಲ ಸರ್ ಅಂದೆ. "ಹೌದಾ? ಇರಬಹುದು. ಅವೆಲ್ಲ ಹಳೇ ಪದ್ಧತಿ. ಕಲಾವಿದೆ ಆಗಾಕಿ ಅಪ್ಪ ಅವ್ವ ಅಂತ ಕುಂತ್ರ ಹ್ಯಾಂಗ?" ಅಂದರು. ಸಿಟ್ಟಿನಿಂದಲ್ಲ, ಬಹಳ ಶಾಂತವಾಗಿ ಅಂದರು. ನನ್ನ ದ್ವೇಷ ಹುಟ್ಟಿದ್ದು ಆ ಶಾಂತಿಯಿಂದ. ಅವರ ಮನೆ ಹಾಳಾಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಂದದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅಪ್ಪ ಆ ಸೀರೆಯನ್ನು ದಾರಿಯಲ್ಲಿ ದ್ಯಾಮವ್ವನ ಗುಡಿಯಲ್ಲಿ ಇಟ್ಟು ಹೋಗಿದ್ದ. ಊರಿಗೆ ಹೋದಾಗ ಕಟ್ಟೆಯ ಮೇಲೆ ಕುಳಿತಿದ್ದ. ನಾನು ಬಾಯಿ ತೆಗೆಯುವ ಮೊದಲೇ ಅಂದ:

"ಅಂವ ನಮ್ಮ ಕಡಿಯಾಂವನ ಅಲ್ಲೇನು? ಮಾತು ಕೇಳಿದ್ರ ಗೊತ್ತಾಗೂದಿಲ್ಲೇನು? ತಿಳೀಲಾರದಾಂವ ದಬ್ಬಿದ್ರ ಬ್ಯಾರೆ ಮಾತಿತ್ತು."

"ಅಪ್ಪಾ, ಎಲ್ಲಾರೂ ಹಂಗ ಇರೂದಿಲ್ಲ."

"ನಿನಗ ಬ್ಯಾಡ ಅನ್ನೂದಿಲ್ಲವಾ. ಆದ್ರ ಹೂಂ ಅಂತನೂ ನನ್ನ ಬಾಯಿಂದ ಬರವಲ್ದು."

ಬಹಳ ದಿನ ಕಾದೆ. ಬರಲಿಲ್ಲ. ತಂಡದವರು ಬೇರೆಯವಳನ್ನು ತೆಗೆದುಕೊಂಡರು. ಹಿರೇಕೆರೂರಿನ ಕೆರೆಯ ದಂಡೆಯ ಕೊನೆಯ ಪ್ರದರ್ಶನಕ್ಕೆ ಸರ್ ನನ್ನ ಪಾತ್ರವನ್ನು ಇನ್ನೊಬ್ಬಳಿಗೆ ಕೊಟ್ಟರು. ಫ್ರೇಮು ಬಿಟ್ಟು ಓಡಿದ್ದಕ್ಕೆ ಶಿಕ್ಷೆ. ನಾನು ಬಿ.ಎಡ್. ಮಾಡಿ ಶಿಕ್ಷಕಿಯಾದೆ. ವರ್ಷಕ್ಕೊಮ್ಮೆ ಶಾಲೆಯ ಗ್ಯಾದರಿಂಗಿಗೆ ಮಕ್ಕಳಿಂದ ಆಟ ಮಾಡಿಸುತ್ತೇನೆ. ಯಾರ ಮನೆಯವರು ಎಷ್ಟು ಹೊತ್ತಿಗೆ ರಂಗ ಹತ್ತಿದರೂ ಆಟ ನಿಲ್ಲಿಸಿ ಹೆಸರು ಕೂಗುತ್ತೇವೆ.

ಸರ್ ಸತ್ತ ಸುದ್ದಿಯನ್ನು ಅಪ್ಪನಿಗೂ ಹೇಳಿದೆ. "ಹೋಗಿ ಬಾ. ಕಲಿಸಿದಾಂವ ಅದಾನ" ಅಂದ. ಅಪ್ಪ ಕಳಿಸಿದ ಅಂತ ಹೋದೆ, ಇಲ್ಲದಿದ್ದರೆ ಹೋಗುತ್ತಿರಲಿಲ್ಲ.

ಶಿಗ್ಗಾವಿಯ ಒಂದು ಸಭಾಭವನದಲ್ಲಿ ಶ್ರದ್ಧಾಂಜಲಿ. ವೇದಿಕೆಯ ಮೇಲೆ ಹೂ ಹಾಕಿದ ಫೋಟೊ, ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಕ್ಯಾಮೆರಾದ ಹಿಂದೆ ನಮ್ಮ ಬಂಕಾಪುರ. ಈಗ ಅದೇ ವಿಭಾಗದಲ್ಲಿ ಅಧ್ಯಾಪಕ, ಕೊರಳಲ್ಲಿ ಅಂಥದ್ದೇ ಒಂದು ಶಾಲು. ಮೊದಲು ಸರ್ ಸಾಧನೆ ಎಂದು ಆ ರಂಗಋತುವಿನ ವಿಡಿಯೊ ಹಾಕಿದರು. ಬಂಕಾಪುರ ಕೋಟೆಯ ಪ್ರದರ್ಶನ. ಮಗನ ಹಾಡು ಮುಗಿಯಿತು, ನಾನು ತಲೆ ಬಾಗಿಸಿದೆ, ಮರುಕ್ಷಣ ಮುಂದಿನ ಮಾತು ಹೇಳುತ್ತಿದ್ದೆ. ನಡುವಿನದನ್ನು ಕತ್ತರಿಸಿ ಹಾಕಿದ್ದರು. ಅಪ್ಪ ಬಂದೇ ಇರಲಿಲ್ಲ. ನಾನು ಸುಮ್ಮನೆ ಯಾರಿಗೋ ತಲೆ ಬಾಗಿಸಿದ್ದೆ.

ಎದ್ದು ಹೊರಟೆ. ಅಷ್ಟರಲ್ಲಿ "ಈಗ ಸರ್ ಅವರ ಧರ್ಮಪತ್ನಿಯವರು" ಎಂದು ಮೈಕಿನಲ್ಲಿ ಹೇಳಿದರು. ಒಬ್ಬ ಕುಳ್ಳನೆಯ ಹೆಂಗಸು ಮೆಟ್ಟಿಲು ಹತ್ತಿದರು. ಅವರನ್ನು ನಾನು ಎಂದೂ ನೋಡಿರಲಿಲ್ಲ, ನಮ್ಮ ಯಾವ ನಾಟಕಕ್ಕೂ ಅವರು ಬಂದವರಲ್ಲ. ಕೈಯಲ್ಲಿ ಆ ಕಂದು ಶಾಲು, ಒಗೆದು ಮಡಿಕೆ ಮಾಡಿದ್ದು. ಫೋಟೊದ ಮುಂದೆ ನಿಂತು ಅದನ್ನು ಹೇಗೆ ಹೊದಿಸುವುದೆಂದು ತಿಳಿಯದೆ ತಡವರಿಸಿದರು.

"ಅಮ್ಮಾರ, ಒಂದೀಟು ಬಾಜೂಕ ಸರೀರಿ" ಎಂದ ಬಂಕಾಪುರ. "ಫ್ರೇಮಿಗೆ ಅಡ್ಡ ಆಗಾಕತ್ತೇರಿ."

ಅವರು ಬೆಚ್ಚಿದರು. "ಹೂಂನ್ರಿ, ಹೂಂನ್ರಿ" ಎನ್ನುತ್ತ ಹಿಂದೆ ಹಿಂದೆ ಸರಿದರು.

ಮೊದಲು ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಮೈಯೆಲ್ಲ ತಂಪಾಯಿತು. ಬಿತ್ತಿದ್ದನ್ನು ಉಣ್ಣು ಎಂದು ಫೋಟೊದ ಕಡೆ ನೋಡಿದೆ. ಆಮೇಲೆ ಆ ಹೆಂಗಸಿನ ಕೈ ಕಂಡಿತು. ಶಾಲನ್ನು ಎದೆಗೆ ಒತ್ತಿಕೊಂಡಿದ್ದರು, ಅಪ್ಪ ಸೀರೆ ಒತ್ತಿಕೊಂಡ ಹಾಗೆಯೇ. ಉಣ್ಣುತ್ತಿದ್ದದ್ದು ಸರ್ ಅಲ್ಲ, ಈ ತಾಯಿ.

ಮೆಟ್ಟಿಲು ಹತ್ತಿ ಹೋಗಿ ಅವರಿಗೂ ಕ್ಯಾಮೆರಾಕ್ಕೂ ನಡುವೆ ನಿಂತೆ. ಬೆನ್ನು ಕ್ಯಾಮೆರಾಕ್ಕೆ.

"ಏ ರೇಣುಕಾ, ಬೆನ್ನು ಬರಾಕತ್ತೈತಿ! ಲೈವ್ ಐತಿ!"

"ಬರಲಿ" ಅಂದೆ. ಅವರ ಕಡೆ ತಿರುಗಿ, "ನೀವು ಹಾಕ್ರಿ ಅವ್ವಾರ. ಅವಸರಿಲ್ಲ."

ಅವರು ಶಾಲಿನ ಮಡಿಕೆ ಬಿಚ್ಚಿ ಫೋಟೊದ ಹೆಗಲಿಗೆ ಹೊದಿಸಿದರು, ಅಂಚು ಸರಿ ಮಾಡಿದರು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾಡಿದರು. ಆಮೇಲೆ ನನ್ನ ಮುಖ ನೋಡಿ, "ನೀ ಯಾರವ್ವಾ?" ಎಂದರು.

"ಅವರ ಕೈಯಾಗ ಕಲತಾಕಿರಿ. ಹಿರೇಬೆಂಡಿಗೇರಿ ಅಂತ ಕರೀತಿದ್ರು."

"ನಿನಗೂ ಹಂಗ ಅಂತಿದ್ರೇನು?" ಅವರ ಮುಖದಲ್ಲಿ ನಗುವೋ ಅಳುವೋ ತಿಳಿಯಲಿಲ್ಲ. "ನನ್ನ ಹಾನಗಲ್ಲ ಅಂತಿದ್ರವ್ವಾ. ಮೊದಮೊದಲ ಪ್ರೀತಿಲೆ ಅಂತಾರ ಅನ್ಕೊಂಡಿದ್ದೆ. ಆಮ್ಯಾಲ ನನ್ನ ಹೆಸರು ಅವರಿಗೆ ಮರತಿತ್ತೋ ಏನೋ."

ದಿನಾ ಬೈಸಿಕೊಂಡು ಡಬ್ಬಿ ಕಳಿಸುತ್ತಿದ್ದ ಹಾನಗಲ್ಲ ಇವರು.

"ಹೆಸರೇನ್ರಿ ನಿಮ್ಮದು?"

ಹೇಳಬೇಕೋ ಬೇಡವೋ ಎಂಬಂತೆ ಒಮ್ಮೆ ಫೋಟೊದ ಕಡೆ ನೋಡಿದರು. ಆಮೇಲೆ ಹೇಳಿದರು.

ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡೆ. ಬಂಕಾಪುರ ಏನೋ ಅನ್ನುತ್ತಿದ್ದ, ಕೇಳಿಸಲಿಲ್ಲ. ಹಳೆಯ ಅಭ್ಯಾಸ, ಎದೆ ತುಂಬ ಉಸಿರೆಳೆದು ಕೂಗಿದೆ:

"ಹಾನಗಲ್ಲಿನ ನೀಲವ್ವನವರಿಂದ ಅವರ ಯಜಮಾನರಿಗೆ ಒಂದು ಶಾಲು ಆಯೇರಿ ಬಂದೈತಿ! ನೀಲವ್ವನವರ ಮನಿತನ ತಣ್ಣಗಿರಲಿ!"